ಎಂಟು ಅಂಕಿಯ ಆರ್ಕೆಸ್ಟ್ರಾ

2 2 2 2 – 4 2 3 1 – ಟಿಂಪ್, ಪರ್ಕ್ – ಸ್ಟ್ರ್

ಬ್ಯಾಂಕಿನ ಕೋಡ್ ಥರ ಇದೆ, ಅಲ್ವಾ? ಆದರೆ ಸಿಂಫನಿ ಆರ್ಕೆಸ್ಟ್ರಾದ ಮ್ಯಾನೇಜರಿಗೆ ಈ ಒಂದು ಸಾಲು ಸಾಕು. ವೇದಿಕೆಗೆ ಎಷ್ಟು ಕುರ್ಚಿ ಬೇಕು, ಹೊರಗಿನಿಂದ ಯಾರನ್ನು ಕರೆಸಬೇಕು, ಎಲ್ಲ ಗೊತ್ತಾಗುತ್ತದೆ. ನಮ್ಮ ಮದುವೆ ಅಡುಗೆಯವರು ಸಾಮಾನಿನ ಚೀಟಿ ನೋಡಿಯೇ ಎಷ್ಟು ಎಲೆಯ ಊಟ ಅಂತ ಹೇಳುವುದಿಲ್ಲವೇ, ಹಾಗೆ.

ಗುಟ್ಟು ಇರುವುದು ಅಂಕಿ ಕೂತ ಜಾಗದಲ್ಲಿ. ಮೊದಲ ನಾಲ್ಕು ಮರದ ಊದುವಾದ್ಯಗಳು: ಕೊಳಲು, ಓಬೋ, ಕ್ಲಾರಿನೆಟ್, ಬಸೂನ್. (ಈಗಿನ ಆರ್ಕೆಸ್ಟ್ರಾ ಕೊಳಲು ಹೆಚ್ಚಾಗಿ ಲೋಹದ್ದು. ಆದರೂ ಹಳೆಯ ಪಂಗಡ ಬಿಟ್ಟಿಲ್ಲ.) ಮುಂದಿನ ನಾಲ್ಕು ಹಿತ್ತಾಳೆಯವು: ಹಾರ್ನ್, ಟ್ರಂಪೆಟ್, ಟ್ರೊಂಬೋನ್, ಟ್ಯೂಬಾ. ಟಿಂಪ್ ಅಂದರೆ ಟಿಂಪನಿ ಎಂಬ ದೊಡ್ಡ ನಗಾರಿಗಳು, ಪರ್ಕ್ ಅಂದರೆ ಉಳಿದ ತಾಳವಾದ್ಯಗಳು, ಸ್ಟ್ರ್ ಅಂದರೆ ತಂತಿವಾದ್ಯಗಳು. ಎಲ್ಲ ವಾದ್ಯಗಳ ಸ್ವರಗಳನ್ನೂ ಒಟ್ಟಿಗೆ ಬರೆದಿಡುವ ಸ್ಕೋರ್ ಪುಟದಲ್ಲೂ ಮೇಲಿನಿಂದ ಕೆಳಕ್ಕೆ ಹೆಚ್ಚುಕಡಿಮೆ ಇದೇ ಕ್ರಮ. ಹಾಗಾಗಿ ವಾದ್ಯದ ಹೆಸರನ್ನೇ ಬರೆಯಬೇಕಿಲ್ಲ.

ಹೆಸರಿಲ್ಲದ ಮೇಲೆ ಸೊನ್ನೆಯನ್ನು ಬಿಡುವ ಹಾಗಿಲ್ಲ. 1788ರ ಬೇಸಿಗೆಯಲ್ಲಿ ಮೊಜಾರ್ಟ್ ಬರೆದ 40ನೇ ಸಿಂಫನಿ (ಆರ್ಕೆಸ್ಟ್ರಾಕ್ಕೆಂದು ಬರೆದ, ಹಲವು ಭಾಗಗಳ ದೊಡ್ಡ ಕೃತಿ) ಹೀಗಿದೆ: 1 2 0 2 – 2 0 0 0 – ಸ್ಟ್ರ್. ಕ್ಲಾರಿನೆಟ್ ಇಲ್ಲ, ಟ್ರಂಪೆಟ್ ಇಲ್ಲ, ಟಿಂಪನಿಯೂ ಇಲ್ಲ. ಅದೇ ಬೇಸಿಗೆಯ 41ನೆಯದು 1 2 0 2 – 2 2 0 0 – ಟಿಂಪ್ – ಸ್ಟ್ರ್. ಒಂದರ ಕಳವಳ, ಇನ್ನೊಂದರ ಸಂಭ್ರಮ ಅರ್ಧಕ್ಕರ್ಧ ಈ ವ್ಯತ್ಯಾಸದಲ್ಲೇ ಇದೆ ಅಂತ ನನಗನ್ನಿಸುತ್ತದೆ. ಮುಂದೆ ಮೊಜಾರ್ಟ್ 40ನೆಯದಕ್ಕೆ ಎರಡು ಕ್ಲಾರಿನೆಟ್ ಸೇರಿಸಿ, ಓಬೋ ನುಡಿಸುವ ಸ್ವರಗಳನ್ನೂ ತಿದ್ದಿದ. ಆಗ ಸಾಲು 1 2 2 2 ಆಯಿತು. ಯಾವ ಆವೃತ್ತಿ ನುಡಿಸುತ್ತಿದ್ದಾರೆ ಅನ್ನುವುದು ಮೂರನೇ ಅಂಕಿ ನೋಡಿದರೆ ತಿಳಿಯುತ್ತದೆ.

1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಮೊದಲು ಕೇಳಿಸಿದ ಬೀಥೋವನ್‌ನ 5ನೇ ಸಿಂಫನಿಗೆ ಬನ್ನಿ: 3 2 2 3 – 2 2 3 0 – ಟಿಂಪ್ – ಸ್ಟ್ರ್. ಮೊದಲ 3ರಲ್ಲಿ ಒಬ್ಬರ ಕೈಯಲ್ಲಿರುವುದು ಪಿಕೊಲೊ ಎಂಬ ಪುಟ್ಟ ಕೊಳಲು. ಬಸೂನಿನ 3ರಲ್ಲಿ ಒಂದು ದಪ್ಪ ದನಿಯ ಕಾಂಟ್ರಾಬಸೂನ್. ಇವರಿಬ್ಬರೂ ಮೂವರು ಟ್ರೊಂಬೋನಿನವರೂ ನುಡಿಸುವುದು ಸಿಂಫನಿಯ ನಾಲ್ಕು ಭಾಗಗಳಲ್ಲಿ ಕೊನೆಯದರಲ್ಲಿ ಮಾತ್ರ. ಮೂರು ಭಾಗ ಸುಮ್ನೆ ಕೂತಿರಬೇಕು. ಮೂರು ಟ್ರೊಂಬೋನು, ಒಂದು ಪಿಕೊಲೊ ಸೇರಿದರೆ ಆರು ಟಿಂಪನಿಗಿಂತ ಜಾಸ್ತಿ ಸದ್ದು ಎಂದು ಬೀಥೋವನ್ ಪತ್ರವೊಂದರಲ್ಲಿ ಹೆಮ್ಮೆಯಿಂದ ಬರೆದಿದ್ದ.

ಅಂದರೆ ಈ ಸಾಲು ವಾದ್ಯಗಳ ಪಟ್ಟಿಯಲ್ಲ, ಆಳುಗಳ ಲೆಕ್ಕ. ಇದು ಸ್ಪಷ್ಟವಾಗುವುದು ಆವರಣ ಚಿಹ್ನೆಯೊಳಗೆ. 3[1.2.ಪಿಕ್] ಎಂದರೆ ಮೂರನೆಯವರು ಪಿಕೊಲೊ ಮಾತ್ರ ಹಿಡಿಯುತ್ತಾರೆ. 3[1.2.3/ಪಿಕ್] ಎಂದರೆ ಅವರೇ ಕೊಳಲನ್ನೂ ನುಡಿಸಿ, ನಡುವೆ ಪಿಕೊಲೊ ಎತ್ತಿಕೊಳ್ಳುತ್ತಾರೆ. ಒಂದು ಓರೆಗೆರೆ, ಅಷ್ಟೇ. ಆದರೆ ಎಷ್ಟೋ ಕಡೆ ಹೀಗೆ ಎರಡು ವಾದ್ಯ ಹಿಡಿಯುವವರಿಗೆ ಮೇಲುಸಂಬಳ ಕೊಡಬೇಕಾಗುತ್ತದೆ.

ತಂತಿವಾದ್ಯಗಳಿಗೆ ಬರೀ ಸ್ಟ್ರ್ ಸಾಕಾಗುವುದಕ್ಕೂ ಕಾರಣವಿದೆ. ಊದುವಾದ್ಯದಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರು ನುಡಿಸುವ ಸ್ವರಗಳೇ ಬೇರೆ. ಪಿಟೀಲಿನಲ್ಲಿ ಹತ್ತಾರು ಜನ ಒಟ್ಟಿಗೆ ಅದೇ ಸ್ವರಗಳನ್ನು ನುಡಿಸುತ್ತಾರೆ. ಎಷ್ಟು ಜನ ಅನ್ನುವುದು ಸಭಾಂಗಣ ಮತ್ತು ಜೇಬು ನೋಡಿಕೊಂಡು ತೀರ್ಮಾನವಾಗುತ್ತದೆ. ನಿಖರವಾಗಿ ಹೇಳಬೇಕಾದರೆ 16.14.12.10.8 ಎಂದು ಬರೆಯುತ್ತಾರೆ: ಮೊದಲ ಪಿಟೀಲು, ಎರಡನೇ ಪಿಟೀಲು, ವಯೋಲಾ, ಚೆಲ್ಲೋ, ಡಬಲ್ ಬಾಸ್. ಒಟ್ಟು 60 ಜನ.

1913ರಲ್ಲಿ ಪ್ಯಾರಿಸ್ಸಿನಲ್ಲಿ ಗಲಾಟೆ ಎಬ್ಬಿಸಿದ ಸ್ಟ್ರಾವಿನ್ಸ್ಕಿಯ ‘ದಿ ರೈಟ್ ಆಫ್ ಸ್ಪ್ರಿಂಗ್’ ಬ್ಯಾಲೆಯ ಸಾಲು ನೋಡಿ: 5 5 5 5 – 8 5 3 2. ಊದುವವರೇ 38 ಜನ! ಸಂಗೀತ ಕೇಳುವ ಮೊದಲೇ ಗಲಾಟೆಯ ಸುಳಿವು ಸಿಗುತ್ತದೆ.

ಮೊದಲು ಕೊಟ್ಟ ಸಾಲು ದ್ವೊರ್ಜಾಕ್‌ನ 9ನೇ ಸಿಂಫನಿಯದು. ಅದು 1893ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಸಲ ಕೇಳಿಸಿತು. ಅದರ ಎಂಟನೇ ಅಂಕಿ 1, ಅಂದರೆ ಒಂದು ಟ್ಯೂಬಾ. ನಾಲ್ಕು ಭಾಗಗಳಲ್ಲಿ ಅದು ಬಾಯಿ ಬಿಡುವುದು ಎರಡನೆಯದರಲ್ಲಿ ಮಾತ್ರ, ಅಲ್ಲೂ ಕೆಲವೇ ಸ್ವರ. ಪರ್ಕ್ ಒಳಗೆ ಜೋಡಿ ತಾಳವೂ ಸೇರಿದೆ. ಅದಕ್ಕೆ ಇಡೀ ಸಿಂಫನಿಯಲ್ಲಿ ಒಂದೇ ಒಂದು ಏಟು, ಅದೂ ಮೆಲ್ಲಗೆ.