ಹಳೇ ಆರು ಸಿಲಿಂಡರ್ ಎಂಜಿನ್‌ಗೆ ಒಪ್ಪುವ ಗೇರ್‌ಬಾಕ್ಸ್ ಯಾವುದು?

ಸಾಲಾಗಿ ನಿಂತ ಆರು ಸಿಲಿಂಡರ್‌ಗಳ ಎಂಜಿನ್ ಓಡುವ ಚೆಂದವೇ ಬೇರೆ. ಒಂದು ಪಿಸ್ಟನ್ ಎಬ್ಬಿಸುವ ಕುಲುಕಾಟವನ್ನು ಉಳಿದವು ಅಳಿಸಿಹಾಕುತ್ತವೆ. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ, ಪ್ರತಿ 120 ಡಿಗ್ರಿ ತಿರುಗಿದಾಗ ಒಂದು ಸಿಲಿಂಡರ್‌ನಲ್ಲಿ ಇಂಧನ ಉರಿಯುತ್ತದೆ. ಹಾಗಾಗಿ ಎಳೆತ ಒಂದೇ ಸಮ ಇರುತ್ತದೆ. 1950ರ ದಶಕದ ಇಂಥ ಎಂಜಿನ್‌ಗಳನ್ನು ಸರಿಯಾಗಿ ನೋಡಿಕೊಂಡರೆ ಇವತ್ತಿಗೂ ಗಟ್ಟಿಮುಟ್ಟಾಗಿ ಓಡುತ್ತವೆ. ಆದರೆ ಅವುಗಳ ಹಿಂದಿರುವ ಮೂರು ಗೇರಿನ ಪೆಟ್ಟಿಗೆ ಇವತ್ತಿನ ಹೆದ್ದಾರಿಗೆ ಸಾಲುವುದಿಲ್ಲ.

ಗೇರ್‌ಬಾಕ್ಸ್ ಬದಲಿಸಬೇಕು ಅಂದಾಗ ಬಹಳ ಜನ ಮೊದಲು ಕೇಳುವುದು ‘ಈ ಎಂಜಿನ್‌ಗೆ ಯಾವುದು ಕೂರುತ್ತೆ?’ ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಲೆಕ್ಕ ಶುರುವಾಗಬೇಕಾದ್ದು ಹಿಂದಿನ ಚಕ್ರದಿಂದ.

ಷೆವರ್ಲೆಯ 235 ಎಂಜಿನ್ ತಗೊಳ್ಳೋಣ. 235 ಘನ ಇಂಚು, ಅಂದರೆ ಸುಮಾರು 3.9 ಲೀಟರ್. ಪಿಸ್ಟನ್ 100 ಮಿಲಿಮೀಟರ್ ಮೇಲೆ ಕೆಳಗೆ ಓಡಾಡುತ್ತದೆ. ಈ ಕಂಪನಿಯ ಆ ಕಾಲದ ಎಷ್ಟೋ ವಾಹನಗಳಲ್ಲಿ ಹಿಂದಿನ ಆಕ್ಸಲ್ ಅನುಪಾತ 4.11, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ 4.11 ಸುತ್ತು ತಿರುಗಬೇಕು. ಟಯರ್ ಒಂದು ಸುತ್ತಿಗೆ 2.2 ಮೀಟರ್ ಉರುಳುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರ ನಿಮಿಷಕ್ಕೆ 758 ಸುತ್ತು ತಿರುಗುತ್ತದೆ. ಮೂರನೇ ಗೇರ್ ನೇರ, ಅಂದರೆ 1. ಆದ್ದರಿಂದ ಎಂಜಿನ್ 758 ಗುಣಿಸು 4.11, ಹತ್ತಿರ ಹತ್ತಿರ 3,115 ಸುತ್ತು ತಿರುಗಬೇಕು. ಆಗ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 10 ಮೀಟರ್ ದಾಟುತ್ತದೆ. 0.72ರ ಓವರ್‌ಡ್ರೈವ್ ಗೇರ್, ಅಂದರೆ ಅನುಪಾತ 1ಕ್ಕಿಂತ ಕಡಿಮೆ ಇರುವ ಗೇರ್, ಸಿಕ್ಕರೆ ಅದೇ ವೇಗಕ್ಕೆ 2,240 ಸುತ್ತು ಸಾಕು. ಪಿಸ್ಟನ್ ವೇಗ ಏಳೂವರೆ ಮೀಟರಿಗೆ ಇಳಿಯುತ್ತದೆ.

ಎಂಜಿನ್ ಷೆವರ್ಲೆಯದೇ ಹಳೇ 216 ಆಗಿದ್ದರೆ ಈ ಇಳಿಕೆ ಇನ್ನೂ ಮುಖ್ಯ. ಅದರ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳು ಅಚ್ಚು ಹೊಯ್ದ ಬ್ಯಾಬಿಟ್ ಅನ್ನುವ ಮೆತ್ತನೆಯ ಲೋಹದವು. ರಾಡ್‌ನ ತುದಿಯ ಪುಟ್ಟ ಚಮಚ ಎಣ್ಣೆಯನ್ನು ಗೋರಿಕೊಂಡು ಬೇರಿಂಗ್‌ಗೆ ಒದಗಿಸುತ್ತದೆ. ಪಂಪಿನ ಒತ್ತಡದಿಂದ ಎಲ್ಲ ಬೇರಿಂಗ್‌ಗೂ ಎಣ್ಣೆ ಹೋಗುವ ವ್ಯವಸ್ಥೆ 235ಕ್ಕೆ ಬಂದದ್ದು 1953ರಲ್ಲಿ, ಅದೂ ಮೊದಲು ಪವರ್‌ಗ್ಲೈಡ್ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ದ ಕಾರುಗಳಿಗೆ ಮಾತ್ರ. 1954ರಲ್ಲಿ ಉಳಿದ ಕಾರುಗಳಿಗೂ ಬಂತು.

ಈಗ ಮೊದಲ ಗೇರ್. ಹಳೇ ಪೆಟ್ಟಿಗೆಯಲ್ಲಿ ಅದು 2.94. ಆಕ್ಸಲ್ ಅನುಪಾತದಿಂದ ಗುಣಿಸಿದರೆ 12.1. ಗಾಡಿ ನಿಂತಲ್ಲಿಂದ ಸಲೀಸಾಗಿ ಹೊರಡಲು ಈ ಎಂಜಿನ್‌ಗೆ ಒಪ್ಪುವ ಸಂಖ್ಯೆ ಇದು. ಎಲ್ಲರೂ ಹುಡುಕುವ ಬೋರ್ಗ್-ವಾರ್ನರ್ ಟಿ5 ಐದು ಗೇರಿನ ಪೆಟ್ಟಿಗೆಯಲ್ಲಿ ಹಲವು ಬಗೆಗಳಿವೆ. ಚಿಕ್ಕ ನಾಲ್ಕು ಸಿಲಿಂಡರ್ ಪಿಕಪ್‌ಗೆ ಹಾಕಿದ್ದರಲ್ಲಿ ಮೊದಲ ಗೇರ್ 4.03. ಅದನ್ನು 4.11 ಆಕ್ಸಲ್ ಜೊತೆ ಜೋಡಿಸಿದರೆ 16.6 ಆಗುತ್ತದೆ. ಗಾಡಿ ಒಂದು ಹೆಜ್ಜೆ ಇಡುವಷ್ಟರಲ್ಲಿ ಎರಡನೇ ಗೇರ್ ಹಾಕಬೇಕು, ಮೊದಲನೆಯದು ಸುಮ್ನೆ ಇದ್ದಹಾಗೆ. ಅದೇ ಪೆಟ್ಟಿಗೆಯ ಹಿಂದೆ 3.08ರ ಆಕ್ಸಲ್ ಇದ್ದರೆ 12.4 ಬರುತ್ತದೆ, ಎಲ್ಲ ಸರಿಹೋಗುತ್ತದೆ. ವಿ8 ಕಾರಿನ ಟಿ5ನಲ್ಲಿ ಮೊದಲ ಗೇರ್ 2.95. ಅದು 4.11ರ ಜೊತೆ ಚೆನ್ನಾಗಿ ಹೊಂದುತ್ತದೆ. ಆದ್ದರಿಂದ ಪೆಟ್ಟಿಗೆ ಒಳ್ಳೇದೋ ಕೆಟ್ಟದ್ದೋ ಅನ್ನುವುದು ಆಕ್ಸಲ್ ಗೊತ್ತಾಗದೆ ಹೇಳುವ ಮಾತಲ್ಲ.

ಸುತ್ತು ಕಡಿಮೆಯಾದಷ್ಟೂ ಒಳ್ಳೇದು ಅಂದುಕೊಳ್ಳುವುದೂ ತಪ್ಪು. 0.63ರ ಐದನೇ ಗೇರನ್ನು 3.08ರ ಆಕ್ಸಲ್ ಜೊತೆ ಹಾಕಿದರೆ 100ರ ವೇಗದಲ್ಲಿ ಎಂಜಿನ್ 1,470 ಸುತ್ತಿಗೆ ಇಳಿಯುತ್ತದೆ. ಸಣ್ಣ ಏರು ಬಂದರೂ ಆಕ್ಸಿಲರೇಟರ್ ಪೂರ್ತಿ ಒತ್ತಬೇಕು. ಸುತ್ತು ಕಡಿಮೆ, ಸಿಲಿಂಡರ್ ಒಳಗಿನ ಒತ್ತಡ ಜಾಸ್ತಿ. ಬೇರಿಂಗ್ ನಡುವಿನ ಎಣ್ಣೆಯ ಪೊರೆ ತೆಳುವಾಗುವುದು ಇಂಥ ಹೊತ್ತಲ್ಲೇ.

ಸಂಖ್ಯೆಗಳು ಹೊಂದಿದ ಮೇಲೆ ಕೂರಿಸುವ ಮಾತು. 1962ರಿಂದ ಬಂದ ಷೆವರ್ಲೆಯ ಹೊಸ ಪೀಳಿಗೆಯ ಆರು ಸಿಲಿಂಡರ್‌ಗಳಲ್ಲಿ, ಅಂದರೆ 194, 230, 250ರಲ್ಲಿ, ಬೆಲ್‌ಹೌಸಿಂಗ್‌ನ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ, ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಬೋಲ್ಟ್ ರಂಧ್ರಗಳು ಅದೇ ಕಂಪನಿಯ ಸಣ್ಣ ವಿ8ನಂತೆಯೇ ಇವೆ. ಆ ಎಂಜಿನ್ ಇರುವವರಿಗೆ ಆಯ್ಕೆ ಬೇಕಾದಷ್ಟು. 235ಕ್ಕೆ ಆ ಭಾಗ್ಯವಿಲ್ಲ. ಹಳೇ ಬೆಲ್‌ಹೌಸಿಂಗ್ ಉಳಿಸಿಕೊಂಡು ನಡುವೆ ಅಡಾಪ್ಟರ್ ಪ್ಲೇಟ್ ಹಾಕುವುದು ರೂಢಿ.

ಬೋಲ್ಟ್ ಕೂತಿತು ಅಂದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೆಲ್‌ಹೌಸಿಂಗ್ ನಡುವಿನ ದುಂಡು ರಂಧ್ರದ ಕೇಂದ್ರವೂ ಕ್ರ್ಯಾಂಕ್‌ನ ಕೇಂದ್ರವೂ ಒಂದೇ ಗೆರೆಯಲ್ಲಿರಬೇಕು. ಅಳೆಯುವುದು ಸುಲಭ. ಡಯಲ್ ಗೇಜನ್ನು ಅಯಸ್ಕಾಂತದಿಂದ ಫ್ಲೈವೀಲ್‌ಗೆ (ಕ್ರ್ಯಾಂಕ್‌ನ ಹಿಂತುದಿಯ ಭಾರದ ಚಕ್ರ) ಅಂಟಿಸಿ. ಅದರ ಮೊನೆ ಆ ರಂಧ್ರದ ಒಳಗೋಡೆಗೆ ತಾಗಲಿ. ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಮುಳ್ಳಿನ ಒಟ್ಟು ಓಡಾಟ 0.13 ಮಿಲಿಮೀಟರ್ ದಾಟಬಾರದು. ಕೇಂದ್ರ ನಿಜವಾಗಿ ಸರಿದಿರುವುದು ಅದರ ಅರ್ಧ ಮಾತ್ರ, ಯಾಕೆಂದರೆ ಗೇಜ್ ಒಂದೇ ದೂರವನ್ನು ಎರಡೂ ಬದಿಯಿಂದ ಎಣಿಸುತ್ತದೆ. ದಾಟಿದರೆ ಬೆಲ್‌ಹೌಸಿಂಗ್‌ನ ಜಾಗ ಹಿಡಿಯುವ, ಎಂಜಿನ್ ಬ್ಲಾಕ್‌ನಲ್ಲಿರುವ ಗೂಟಗಳನ್ನು ತೆಗೆದು ಓರೆ ಕೇಂದ್ರದ ಗೂಟ ಹಾಕಿ ಸರಿಪಡಿಸಬಹುದು. ಮಾಡದಿದ್ದರೆ ಎಂಜಿನ್‌ನಿಂದ ಗೇರ್‌ಬಾಕ್ಸ್‌ಗೆ ಬಲ ತರುವ ಇನ್‌ಪುಟ್ ಶಾಫ್ಟ್ ಸುತ್ತುಸುತ್ತಿಗೂ ಬಾಗುತ್ತದೆ. ಗೇರ್ ಬಿಗಿಯಾಗುತ್ತದೆ, ತಾನಾಗಿ ಕಳಚುತ್ತದೆ, ಬೇರಿಂಗ್ ಕೂಗುತ್ತದೆ. ಬೈಗುಳ ಮಾತ್ರ ಗೇರ್‌ಬಾಕ್ಸ್‌ಗೆ ಬೀಳುತ್ತದೆ. ಪೂರ್ತಿ ಕೆಲಸದಲ್ಲಿ ಜನ ಅತಿ ಹೆಚ್ಚು ಬಿಟ್ಟುಬಿಡುವ ಹೆಜ್ಜೆ ಇದೇ ಅಂತ ನನಗನ್ನಿಸುತ್ತದೆ.

ಇನ್‌ಪುಟ್ ಶಾಫ್ಟ್‌ನ ಮೂಗಿಗೆ ತಕ್ಕ ಪೈಲಟ್ ಬುಷ್ (ಆ ಮೂಗನ್ನು ಕ್ರ್ಯಾಂಕ್‌ನ ತುದಿಯಲ್ಲಿ ಹಿಡಿಯುವ ಪುಟ್ಟ ಬಳೆ), ಅದರ ಹಲ್ಲುಗಳಿಗೆ ಹೊಂದುವ ಕ್ಲಚ್ ಡಿಸ್ಕ್ ಬೇಕೇಬೇಕು. ಟಿ5ಗಳಲ್ಲೇ 10, 14, 26 ಹಲ್ಲಿನವು ಇವೆ. ಬೇರೆ ಎಂಜಿನ್‌ನ ಫ್ಲೈವೀಲ್ ತರುವಾಗ ಜೋಪಾನ. ಕೆಲವು ವಿ8ಗಳ ಫ್ಲೈವೀಲ್‌ನಲ್ಲಿ ಬೇಕಂತಲೇ ಒಂದು ಕಡೆ ತೂಕ ಸೇರಿಸಿರುತ್ತಾರೆ. ಅದನ್ನು ನಮ್ಮ ಆರು ಸಿಲಿಂಡರ್‌ಗೆ ಹಾಕಿದರೆ ಹುಟ್ಟಿನಿಂದ ಬಂದ ನಯವೇ ಹಾಳು.

1954ರವರೆಗಿನ ಷೆವರ್ಲೆ ಕಾರುಗಳಲ್ಲಿ ಇನ್ನೊಂದು ತೊಡಕಿದೆ, ಟಾರ್ಕ್ ಟ್ಯೂಬ್. ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗೆ ತಿರುಗುತ್ತದೆ. ಚಕ್ರ ಗಾಡಿಯನ್ನು ಮುಂದಕ್ಕೆ ನೂಕುವ ಬಲವೂ ಆ ಕೊಳವೆಯ ಮೂಲಕ ಗೇರ್‌ಬಾಕ್ಸ್‌ನ ಬಾಲಕ್ಕೆ ಬರುತ್ತದೆ. ಟಿ5 ಆ ನೂಕು ತಡೆಯುವುದಕ್ಕೆ ಮಾಡಿದ್ದಲ್ಲ. ಹಾಗಾಗಿ ಕೊಳವೆ ತೆಗೆಯಬೇಕು, ತೆರೆದ ಶಾಫ್ಟಿನ ಬೇರೆ ಆಕ್ಸಲ್ ತರಬೇಕು, ನೂಕುವ ಬಲವನ್ನು ಲೀಫ್ ಸ್ಪ್ರಿಂಗ್‌ಗಳಿಗೆ ಒಪ್ಪಿಸಬೇಕು. ಆಕ್ಸಲ್ ಹೇಗೂ ಬದಲಾಗುವಾಗ ಅನುಪಾತವನ್ನೂ ಬೇಕಾದಂತೆ ಆರಿಸಿಕೊಳ್ಳಬಹುದು, ಅಲ್ವಾ?

ಆಟೋಮ್ಯಾಟಿಕ್ ಬೇಕು ಅನ್ನುವವರು 700ಆರ್4 ಅನ್ನುವ ನಾಲ್ಕು ಗೇರಿನ ಪೆಟ್ಟಿಗೆಯ ಕಡೆ ನೋಡುತ್ತಾರೆ. ಮೊದಲ ಗೇರ್ 3.06, ನಾಲ್ಕನೆಯದು 0.70. ಅನುಪಾತ ಚೆನ್ನಾಗಿದೆ. ಆದರೆ ಕಾರ್ಬ್ಯುರೇಟರ್‌ನಿಂದ ಅದಕ್ಕೆ ಹೋಗುವ ಕೇಬಲ್ ಒಳಗಿನ ಎಣ್ಣೆಯ ಒತ್ತಡವನ್ನೇ ನಿರ್ಧರಿಸುತ್ತದೆ. ಹಳೇ ಕಾರ್ಬ್ಯುರೇಟರ್‌ನ ಸನ್ನೆಗೋಲು ಆ ಕೇಬಲ್ಲನ್ನು ಸರಿಯಾದಷ್ಟು ಎಳೆಯದಿದ್ದರೆ ಒಳಗಿನ ಕ್ಲಚ್‌ಗಳು ಬೇಗ ಸುಟ್ಟುಹೋಗುತ್ತವೆ.

ಗೇರ್‌ಬಾಕ್ಸ್ ಮುಟ್ಟದೆಯೂ ಒಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. 1950ರಿಂದ ಬಂದ ಪವರ್‌ಗ್ಲೈಡ್ ಕಾರುಗಳ ಆಕ್ಸಲ್ ಗೇರ್ ಅನುಪಾತ 3.55. ಅದನ್ನು ಹಳೇ ಆಕ್ಸಲ್ ಒಳಗೆ ಕೂರಿಸಿದರೆ ಟಾರ್ಕ್ ಟ್ಯೂಬ್, ಬೆಲ್‌ಹೌಸಿಂಗ್, ಕ್ಲಚ್ ಎಲ್ಲವೂ ಇದ್ದಲ್ಲೇ ಇರುತ್ತವೆ. ಮೊದಲ ಗೇರ್‌ನ ಲೆಕ್ಕ 10.4ಕ್ಕೆ ಇಳಿಯುತ್ತದೆ, ಹೊರಡುವಾಗ ಕ್ಲಚ್ಚನ್ನು ಸ್ವಲ್ಪ ನಿಧಾನ ಬಿಡಬೇಕು. 100ರ ವೇಗದಲ್ಲಿ ಎಂಜಿನ್ 2,690 ಸುತ್ತು, 90ರಲ್ಲಿ 2,420.