ಎರೆ ನೆಲದ ಅಂಗಳಕ್ಕೆ ಜಲ್ಲಿಯ ಬುನಾದಿ ಬೇಡ

ಮಕ್ಕಳು ಕೆನಡಾದಲ್ಲೋ ಅಮೆರಿಕದಲ್ಲೋ ಇರುವ ಮನೆಯವರು ಮೊಬೈಲಿನಲ್ಲಿ ಅಲ್ಲಿನ ಅಂಗಳದ ವಿಡಿಯೊ ತೋರಿಸಿ, ‘ನಮಗೂ ಹೀಗೇ ಅಡಿಯಲ್ಲಿ ಜಲ್ಲಿ ತುಂಬಿ ಪೇವರ್ ಹಾಕಿಕೊಡಿ ಸರ್’ ಎಂದು ಕೇಳುತ್ತಾರೆ. ಸಿಂಧನೂರು, ಸಿರುಗುಪ್ಪ ಕಡೆಯ ಎರೆ (ಕಪ್ಪು ಜೇಡಿ ಮಣ್ಣಿನ) ಭೂಮಿಯಲ್ಲಿ ಮನೆ ಕಟ್ಟಿದವರಾದರೆ ನಾನು ಒಪ್ಪುವುದಿಲ್ಲ.

ಆ ಚಳಿ ದೇಶಗಳಲ್ಲಿ ನೆಲ ಎಬ್ಬಿಸುವುದು ಹೆಪ್ಪುಗಟ್ಟುವ ನೀರು. ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಸಾಲದ್ದಕ್ಕೆ ನುಣ್ಣನೆಯ ಮಣ್ಣು ಕೆಳಗಿನ ತೇವವನ್ನು ಮೇಲಕ್ಕೆ ಹೀರಿ, ಮಂಜುಗಡ್ಡೆಯ ಪದರ ಬೆಳೆಯುತ್ತಾ ಹೋಗುತ್ತದೆ. ದಪ್ಪ ಜಲ್ಲಿ ಆ ಹೀರುವಿಕೆಯನ್ನು ತಡೆದು ನೀರನ್ನು ಹೊರಗೆ ಬಿಡುತ್ತದೆ. ಆ ನೆಲಕ್ಕೆ ಅದು ಸರಿಯಾದ ಕ್ರಮ.

ನಮ್ಮಲ್ಲಿ ಹಿಗ್ಗುವುದು ಮಣ್ಣೇ. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಹೊಲಕ್ಕೆ ಹೋಗಿ ನೋಡಿ, ಬಿರುಕಿನೊಳಗೆ ಕೈ ಮಣಿಕಟ್ಟಿನವರೆಗೆ ಇಳಿಯುತ್ತದೆ. ಇಂಥ ಮಣ್ಣನ್ನು ಅಗೆದ ಗುಂಡಿಗೆ ಜಲ್ಲಿ ಅಥವಾ ಮರಳು ತುಂಬಿದರೆ ಮಳೆನೀರು ಹೊರಹೋಗಲು ದಾರಿಯಿಲ್ಲದೆ ಅಲ್ಲೇ ತೊಟ್ಟಿಯಂತೆ ನಿಲ್ಲುತ್ತದೆ. ಸುತ್ತಲಿನ ಎರೆ ಅದನ್ನೇ ತಿಂಗಳುಗಟ್ಟಲೆ ಕುಡಿಯುತ್ತದೆ. ಮೊದಲು ಏಳುವುದು ತಾರಸಿಯ ಪೈಪು ನೀರು ಸುರಿಯುವ ಮೂಲೆ; ಇಂಥ ಅಂಗಳ ನೋಡಲು ಕರೆದಾಗಲೆಲ್ಲ ನಾನು ನೇರ ಆ ಮೂಲೆಗೆ ಹೋಗುತ್ತೇನೆ.

ಇಲ್ಲಿಗೆ ಬೇಕಾದದ್ದು ಉಬ್ಬದ, ಆದರೆ ಅಂಟುಗುಣವಿರುವ ಮಣ್ಣು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಎರೆ ನೆಲದ ಕಾಲುವೆಗಳಿಗೆ ಸೂಚಿಸಿದ್ದು ಇದನ್ನೇ. ನಮಗೆ ಸಿಗುವ ಒಳ್ಳೆಯ ಗರಸು (ಮೊರಂ ಮಣ್ಣು) ಈ ಕೆಲಸಕ್ಕೆ ಒದಗುತ್ತದೆ. ಎರಡು ಅಡಿಯಾದರೂ ಎರೆ ತೆಗೆಯಿರಿ. ಅದಕ್ಕೂ ಮೊದಲೇ ಗಟ್ಟಿ ಮಸಾರಿ (ಕೆಂಪು ಮಣ್ಣು) ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಗರಸನ್ನು ಆರಾರು ಇಂಚು ಹರಡಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಸು ಮಾಡಿ. ಎರಡು ಅಡಿ ಗರಸನ್ನು ಒಂದೇ ಸಲ ಸುರಿದು ಮೇಲೆ ರೋಲರ್ ಓಡಿಸುವುದು ಶುದ್ಧ ಮೋಸ, ಅದನ್ನು ಒಪ್ಪಬೇಡಿ.

ಮಣ್ಣಿನ ಬಗ್ಗೆ ಅನುಮಾನವಿದ್ದರೆ ಪ್ರಯೋಗಾಲಯಕ್ಕೆ ಕೊಡಿ. ಹತ್ತು ಹತ್ತು ಗ್ರಾಂ ಒಣ ಮಣ್ಣನ್ನು ಒಂದು ಜಾಡಿಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನದು ಅದಕ್ಕಿಂತ ಶೇ 50ಕ್ಕೂ ಹೆಚ್ಚು ಉಬ್ಬಿದ್ದರೆ ಎಚ್ಚರ ಬೇಕು.

ಮೇಲಿನ ಹಾಸು ಶಹಾಬಾದ್ ಪರಸಿ ಕಲ್ಲಾಗಲಿ, ಪೇವರ್ ಆಗಲಿ, ನಿಮ್ಮಿಷ್ಟ. ಪೇವರ್ ಆದರೆ ಓಡಾಟಕ್ಕೆ 60 ಮಿ.ಮೀ. ದಪ್ಪದ್ದು ಸಾಕು. ಇಳಿಜಾರು ಮಾತ್ರ ಮನೆಯಿಂದ ಆಚೆಗೆ, ಹತ್ತು ಅಡಿಗೆ ಎರಡು ಇಂಚಿಗೆ ಕಡಿಮೆಯಾಗಬಾರದು. ತಾರಸಿ ನೀರು, ಬಟ್ಟೆ ಒಗೆಯುವ ಕಲ್ಲಿನ ನೀರು ಎರಡೂ ನೇರ ಚರಂಡಿ ಸೇರಬೇಕು.

ಮೊದಲ ಮಳೆಗಾಲ ಮುಗಿದ ಮೇಲೆ ಪೇವರ್ ಸಂದುಗಳಿಗೆ ಮತ್ತೆ ಮರಳು ತುಂಬಿರಿ; ಸಿಮೆಂಟು ಮೆತ್ತಬೇಡಿ. ಕುಸಿದ ಕಡೆ ನಾಲ್ಕು ಬ್ಲಾಕು ಎತ್ತಿ, ಕೆಳಗೆ ಸರಿಮಾಡಿ, ಮತ್ತೆ ಕೂರಿಸಿದರಾಯಿತು. ಸವಳು-ಜವಳು (ಉಪ್ಪೇರಿದ, ನೀರು ಜಿನುಗುವ ನೆಲ) ಇರುವ ಊರುಗಳಲ್ಲಿ ಹಾಸಿನ ಮೇಲೆ ಬಿಳಿ ಉಪ್ಪು ಕಾಣಿಸಿಕೊಂಡರೆ ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ತೆಗೆಯಿರಿ; ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೇ ಇಳಿಯುತ್ತದೆ.