ಪ್ರಾಸ್ಪೆಕ್ಟ್: ಕೊಯ್ಲಿಗೆ ಮೊದಲೇ ಕಟ್ಟುವ ಬೆಲೆ

ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಚೇಣಿಗೆ ಕೊಡುವ ರೂಢಿಯಿದೆ. ಕಾಯಿ ಇನ್ನೂ ಮರದ ಮೇಲಿರುವಾಗಲೇ ಚೇಣಿದಾರ ತೋಟದಲ್ಲೊಂದು ಸುತ್ತು ಹಾಕುತ್ತಾನೆ, ಕತ್ತೆತ್ತಿ ಗೊನೆಗಳನ್ನು ನೋಡುತ್ತಾನೆ, ಮನಸ್ಸಿನಲ್ಲೇ ಕ್ವಿಂಟಲ್ ಲೆಕ್ಕ ಹಾಕಿ ಒಂದು ಬೆಲೆ ಹೇಳುತ್ತಾನೆ. ಆ ಬೆಲೆ ಕಣ್ಣೆದುರಿನ ಹಸಿರು ಕಾಯಿಯದಲ್ಲ, ಕೊಯ್ದು ಸುಲಿದು ಬೇಯಿಸಿ ಒಣಗಿಸಿದ ಮೇಲೆ ಕೈಗೆ ಬರುವ ಅಡಿಕೆಯದು. ನಡುವೆ ಕೊಳೆರೋಗ ಬಂದರೆ ಲೆಕ್ಕವೆಲ್ಲ ತಲೆಕೆಳಗು. ಅಮೆರಿಕದ ಬೇಸ್‌ಬಾಲ್‌ನಲ್ಲಿ ‘ಪ್ರಾಸ್ಪೆಕ್ಟ್’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಚೇಣಿದಾರನೇ ನೆನಪಾಗುತ್ತಾನೆ.

ಕನ್ನಡದಲ್ಲಿ ಇದನ್ನು ‘ಭರವಸೆಯ ಆಟಗಾರ’ ಎಂದುಬಿಡಬಹುದು. ತಪ್ಪಿಲ್ಲ, ಆದರೆ ಸಾಲದು. ರಣಜಿಯಲ್ಲಿ ಎರಡು ಶತಕ ಹೊಡೆದ ಯಾರಿಗಾದರೂ ನಮ್ಮ ಕ್ರೀಡಾಪುಟಗಳು ಆ ಬಿರುದು ಕೊಡುತ್ತವೆ, ಅವನಿಗೆ ಮೂವತ್ತು ದಾಟಿದ್ದರೂ ಸರಿ. ಪ್ರಾಸ್ಪೆಕ್ಟ್‌ಗೆ ಒಂದು ಗಡಿರೇಖೆಯಿದೆ. ಅವನು ಅಲ್ಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗಿನ ಯಾವುದೋ ಒಂದು ಕ್ಲಬ್ಬಿನ ಒಪ್ಪಂದದಲ್ಲಿರಬೇಕು, ಸಾಮಾನ್ಯವಾಗಿ ಅದರ ಕೆಳಹಂತದ ತಂಡವೊಂದರಲ್ಲಿ ಆಡುತ್ತಿರಬೇಕು, ಮೇಜರ್ ಲೀಗ್‌ನಲ್ಲಿ ‘ರೂಕಿ’ (ಹೊಸಬ) ಎನಿಸಿಕೊಳ್ಳುವ ಮಿತಿಯನ್ನು ದಾಟಿರಬಾರದು. ಬ್ಯಾಟರ್‌ಗೆ ಈ ಮಿತಿ 130 ಅಟ್-ಬ್ಯಾಟ್, ಅಂದರೆ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ. ಚೆಂಡೆಸೆಯುವ ಪಿಚರ್‌ಗೆ 50 ಇನಿಂಗ್ಸ್. ಅದನ್ನು ದಾಟಿದ ದಿನ ಅವನು ಪ್ರಾಸ್ಪೆಕ್ಟ್ ಪಟ್ಟಿಯಿಂದ ಹೊರಬೀಳುತ್ತಾನೆ. ಪದದ ಮೂಲ ‘ಮುಂದಕ್ಕೆ ನೋಡು’ ಎಂಬ ಅರ್ಥದ ಲ್ಯಾಟಿನ್ ಧಾತು. ಚಿನ್ನದ ಅದಿರು ಹುಡುಕುತ್ತ ಬೆಟ್ಟಗುಡ್ಡ ಅಲೆಯುವವನನ್ನು ಇಂಗ್ಲಿಷಿನಲ್ಲಿ ಪ್ರಾಸ್ಪೆಕ್ಟರ್ ಎನ್ನುವುದೂ ಅದೇ ಬೇರಿನಿಂದ.

ಕೆಳಹಂತದ ತಂಡಗಳ ಏರ್ಪಾಡಿಗೆ ‘ಫಾರ್ಮ್ ಸಿಸ್ಟಮ್’ ಎಂದು ಹೆಸರು. ಹೊಲದ ಹೆಸರೇ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಆಡಳಿತ ನಡೆಸುತ್ತಿದ್ದ ಬ್ರ್ಯಾಂಚ್ ರಿಕಿ ಇದನ್ನು ಕಟ್ಟಿದರು. ಸಣ್ಣ ಊರುಗಳ ಸ್ವತಂತ್ರ ತಂಡಗಳಲ್ಲಿ ಬೆಳೆದ ಒಳ್ಳೆಯ ಹುಡುಗರನ್ನು ದುಡ್ಡಿದ್ದ ಕ್ಲಬ್ಬುಗಳು ಹೆಚ್ಚಿನ ಬೆಲೆಗೆ ಎತ್ತಿಕೊಂಡು ಹೋಗುತ್ತಿದ್ದವು. ಅವರೊಂದಿಗೆ ಪೈಪೋಟಿಗೆ ನಿಲ್ಲುವ ಶಕ್ತಿ ಕಾರ್ಡಿನಲ್ಸ್‌ಗೆ ಇರಲಿಲ್ಲ. ಸಂತೆಯಲ್ಲಿ ಸಸಿ ಕೊಳ್ಳಲಾಗದವನು ಸ್ವಂತ ಸಸಿಮಡಿ ಮಾಡಿಕೊಳ್ಳುವ ಹಾಗೆ ರಿಕಿ ಆ ಸಣ್ಣ ತಂಡಗಳನ್ನೇ ಕೊಳ್ಳತೊಡಗಿದರು. ಮುಂದೆ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಹೋಗಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಅವರೊಡನೆ ಒಪ್ಪಂದ ಮಾಡಿಕೊಂಡು ವರ್ಣಭೇದದ ಗೋಡೆ ಒಡೆದವರೂ ಇದೇ ರಿಕಿ. ರಾಬಿನ್ಸನ್ ಕೂಡ ನೇರವಾಗಿ ಬ್ರೂಕ್ಲಿನ್‌ಗೆ ಬರಲಿಲ್ಲ, 1946ರಲ್ಲಿ ಒಂದು ವರ್ಷ ಮಾಂಟ್ರಿಯಲ್‌ನ ಮೈನರ್ ಲೀಗ್ (ಕೆಳಹಂತದ) ತಂಡದಲ್ಲಿ ಆಡಿದರು.

ಇಂದು 30 ಮೇಜರ್ ಲೀಗ್ ಕ್ಲಬ್ಬುಗಳಿಗೆ ತಲಾ ನಾಲ್ಕು ಹಂತದ ತಂಡಗಳಿವೆ. 2021ರಲ್ಲಿ ಇಡೀ ವ್ಯವಸ್ಥೆಯನ್ನು ಮರುರೂಪಿಸಿ ಸಂಖ್ಯೆಯನ್ನು 120ಕ್ಕೆ ಇಳಿಸಲಾಯಿತು. ಎಷ್ಟೋ ಸಣ್ಣ ಊರುಗಳು ತಮ್ಮ ತಂಡವನ್ನೇ ಕಳೆದುಕೊಂಡವು. ಕ್ಯಾನ್ಸಸ್ ಸಿಟಿ ರಾಯಲ್ಸ್‌ನ ಏಣಿಯನ್ನು ನೋಡಿ: ಕೆಳಗೆ ಸಿಂಗಲ್-ಎ ಹಂತದ ಕೊಲಂಬಿಯಾ, ಅದರ ಮೇಲೆ ಹೈ-ಎಯಲ್ಲಿ ಕ್ವಾಡ್ ಸಿಟೀಸ್, ಡಬಲ್-ಎಯಲ್ಲಿ ವಾಯವ್ಯ ಅರ್ಕನ್ಸಾ, ತುದಿಯಲ್ಲಿ ಟ್ರಿಪಲ್-ಎಯ ಒಮಾಹಾ. ಇವೆಲ್ಲಕ್ಕಿಂತ ಕೆಳಗೆ ಅರಿಜೋನಾ ಮತ್ತು ಡೊಮಿನಿಕನ್ ಗಣರಾಜ್ಯದಲ್ಲಿ ಹದಿಹರೆಯದ ಹುಡುಗರ ಲೀಗುಗಳಿವೆ. ಒಂದು ಕ್ಲಬ್ಬಿನ ಹೊಲದಲ್ಲಿ ಯಾವ ಹೊತ್ತಿಗೂ ನೂರಕ್ಕಿಂತ ಹೆಚ್ಚು ಆಟಗಾರರಿರುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಮೇಜರ್ ಲೀಗ್ ಅಂಗಳದಲ್ಲಿ ಒಂದು ದಿನವೂ ಆಡುವುದಿಲ್ಲ. ಈ ನೂರಾರು ಮಂದಿಯಲ್ಲಿ ಮೊದಲ ಹತ್ತು ಅಥವಾ ಮೂವತ್ತು ಜನರನ್ನು ಆರಿಸಿ ಸಾಲಾಗಿ ನಿಲ್ಲಿಸುವ ಕೆಲಸವೇ ಪ್ರಾಸ್ಪೆಕ್ಟ್ ಶ್ರೇಯಾಂಕ.

ಹೊಸದಾಗಿ ನೋಡುವವರು ಎಡವುವುದು ಇಲ್ಲೇ. ರನ್ ಪಟ್ಟಿಯನ್ನು ಮುಂದಿಟ್ಟುಕೊಂಡು, ಹೆಚ್ಚು ಹೊಡೆದವನೇ ಮೊದಲಿರಬೇಕಲ್ಲ ಎನ್ನುತ್ತಾರೆ. ಶ್ರೇಯಾಂಕ ಕೇಳುವ ಪ್ರಶ್ನೆಯೇ ಬೇರೆ: ಐದಾರು ವರ್ಷಗಳ ನಂತರ, ಜಗತ್ತಿನ ಅತ್ಯುತ್ತಮ ಪಿಚರ್‌ಗಳೆದುರು ಇವನು ಏನಾದಾನು? ಡಬಲ್-ಎಯಲ್ಲಿ 25 ವರ್ಷದವನೊಬ್ಬನ ಸರಾಸರಿ .320 (ಸಾವಿರ ಸರದಿಗೆ 320 ಯಶಸ್ವಿ ಹೊಡೆತ) ಇದ್ದು, ಅದೇ ತಂಡದಲ್ಲಿ 19ರ ಹುಡುಗನೊಬ್ಬ .260ರಲ್ಲಿ ಏಗುತ್ತಿದ್ದಾನೆ ಎಂದುಕೊಳ್ಳಿ. ಪಟ್ಟಿ ಮಾಡುವವರು ಕಣ್ಣುಮುಚ್ಚಿ ಎರಡನೆಯವನನ್ನು ಮೇಲಿಡುತ್ತಾರೆ. ತನಗಿಂತ ನಾಲ್ಕೈದು ವರ್ಷ ದೊಡ್ಡವರ ನಡುವೆ ಮುಳುಗದೆ ನಿಂತಿರುವುದೇ ಅವನ ಅಂಕ. ಊರಿನ ನೆಲವನ್ನೂ ಗಮನಿಸುತ್ತಾರೆ: ಆಲ್ಬುಕರ್ಕಿಯಂತಹ, ಸಮುದ್ರಮಟ್ಟದಿಂದ 1500 ಮೀಟರ್ ಎತ್ತರದ ಊರಿನ ತೆಳುಗಾಳಿಯಲ್ಲಿ ಚೆಂಡು ಸುಲಭವಾಗಿ ಬೇಲಿ ದಾಟುತ್ತದೆ. ಅಲ್ಲಿನ ಹೋಮ್ ರನ್ನುಗಳ ಲೆಕ್ಕದಲ್ಲಿ ಸ್ವಲ್ಪ ಕಳೆಯಲೇಬೇಕು. ಮತ್ತೆ, ಆಡುವ ಜಾಗ. ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವವನು) ಮತ್ತು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಸ್ಥಾನಗಳನ್ನು ತುಂಬಬಲ್ಲವರು ವಿರಳ. ಆದ್ದರಿಂದ ಅಲ್ಲಿ ನಿಲ್ಲಬಲ್ಲವನ ಬ್ಯಾಟು ಸಾಧಾರಣವಾಗಿದ್ದರೂ ಬೆಲೆಯಿದೆ. ಫಸ್ಟ್ ಬೇಸ್‌ನವನಿಗೆ ಆ ರಿಯಾಯಿತಿಯಿಲ್ಲ, ಅವನು ಹೊಡೆದೇ ತೀರಬೇಕು.

ಸ್ಕೌಟ್‌ಗಳು, ಅಂದರೆ ಊರೂರು ತಿರುಗಿ ಆಟಗಾರರನ್ನು ಅಳೆಯುವವರು, 20ರಿಂದ 80ರ ಅಳತೆಗೋಲು ಬಳಸುತ್ತಾರೆ. ಏಕೆ ಸೊನ್ನೆಯಿಂದ ನೂರಲ್ಲ ಎಂದು ನಾನೂ ಮೊದಲು ತಲೆ ಕೆರೆದುಕೊಂಡಿದ್ದೆ. 50 ಎಂದರೆ ಮೇಜರ್ ಲೀಗ್‌ನ ಸರಾಸರಿ. ಅಲ್ಲಿಂದ ಹತ್ತು ಹತ್ತು ಅಂಕಗಳ ಒಂದೊಂದು ಮೆಟ್ಟಿಲು ಸಂಖ್ಯಾಶಾಸ್ತ್ರದ ಒಂದೊಂದು ಪ್ರಮಾಣ ವಿಚಲನೆಗೆ ಸರಿಹೊಂದಬೇಕೆಂಬ ಆಶಯ. ಸರಾಸರಿಯಿಂದ ಅಂತಹ ಮೂರು ಮೆಟ್ಟಿಲು ಮೇಲೆ, ಮೂರು ಕೆಳಗೆ ಹೋದರೆ ಹೆಚ್ಚುಕಡಿಮೆ ಎಲ್ಲರೂ ಒಳಗೆ ಬಂದಂತೆ. ಹಾಗಾಗಿ 80 ಸಿಗುವುದು ಅಪರೂಪದಲ್ಲಿ ಅಪರೂಪ. ಬ್ಯಾಟರ್‌ನಲ್ಲಿ ಐದು ‘ಟೂಲ್’ಗಳನ್ನು ಅಳೆಯುತ್ತಾರೆ: ಚೆಂಡಿಗೆ ಬ್ಯಾಟು ತಾಗಿಸುವ ಕೌಶಲ, ದೂರ ಹೊಡೆಯುವ ಬಲ, ಓಟ, ಕ್ಷೇತ್ರರಕ್ಷಣೆ, ಎಸೆತ. ಕೆಲವಕ್ಕೆ ಗಡಿಯಾರ ಸಾಕು. ಬಲಗೈ ಬ್ಯಾಟರ್ ಚೆಂಡು ಹೊಡೆದು ಫಸ್ಟ್ ಬೇಸ್ ಮುಟ್ಟಲು ಸುಮಾರು 4.3 ಸೆಕೆಂಡ್ ತೆಗೆದುಕೊಂಡರೆ ಓಟಕ್ಕೆ 50. ಬ್ಯಾಟು ತಾಗಿಸುವ ಕೌಶಲವನ್ನು ಮಾತ್ರ ಯಾವ ಗಡಿಯಾರವೂ ಅಳೆಯದು, ಪಟ್ಟಿಗಳು ಹೆಚ್ಚು ಮುಗ್ಗರಿಸುವುದೂ ಅದರಲ್ಲೇ. ಪ್ರತಿ ಟೂಲ್‌ಗೂ ಎರಡು ಅಂಕಗಳಿರುತ್ತವೆ, ಇಂದಿನದೊಂದು, ಮುಂದಿನದೊಂದು. 30/55 ಎಂದು ಬರೆದಿದ್ದರೆ ಈಗ ಎಳೆಗಾಯಿ, ಬಲಿತರೆ ಸರಾಸರಿಗಿಂತ ಮೇಲೆ ಎಂದು ಓದಿಕೊಳ್ಳಬೇಕು. ‘ಸೀಲಿಂಗ್’ ಮತ್ತು ‘ಫ್ಲೋರ್’ ಎಂಬ ಜೋಡಿಮಾತು ಹುಟ್ಟುವುದೂ ಇಲ್ಲಿಂದಲೇ: ಎಲ್ಲ ಕೈಗೂಡಿದರೆ ಎಲ್ಲಿಗೆ ಮುಟ್ಟಿಯಾನು, ಏನೂ ಕೂಡಿಬರದಿದ್ದರೂ ಎಲ್ಲಿಗೆ ಬಂದು ನಿಂತಾನು.

ಈ ಅಂದಾಜಿಗೆ ತಗಲುವ ಕೊಳೆರೋಗವೆಂದರೆ ಗಾಯ, ಅದರಲ್ಲೂ ಪಿಚರ್‌ಗಳ ತೋಳಿನ ಗಾಯ. ಪಿಚಿಂಗ್ ಪ್ರಾಸ್ಪೆಕ್ಟ್ ಎಂಬ ಪ್ರಾಣಿಯೇ ಇಲ್ಲ ಎಂಬುದು ಈ ವಲಯದ ಹಳೆಯ ಕುಹಕ. ‘ಬೇಸ್‌ಬಾಲ್ ಅಮೆರಿಕ’ ಪತ್ರಿಕೆ 1990ರಿಂದ ಇಡೀ ಮೈನರ್ ಲೀಗ್‌ಗಳ ಮೊದಲ ನೂರು ಮಂದಿಯ ಪಟ್ಟಿ ಪ್ರಕಟಿಸುತ್ತಿದೆ. 1992ರಲ್ಲಿ ಅದರ ಅಗ್ರಸ್ಥಾನದಲ್ಲಿದ್ದವರು ಯಾಂಕೀಸ್‌ನ ಎಡಗೈ ಪಿಚರ್ ಬ್ರಿಯನ್ ಟೇಲರ್. 1993ರ ಡಿಸೆಂಬರ್‌ನಲ್ಲಿ ಹೊಡೆದಾಟವೊಂದರಲ್ಲಿ ಅವರ ಭುಜ ಹೋಯಿತು, ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಅವರು ಆಡಲಿಲ್ಲ. ಅವರ ಮರುವರ್ಷ ಅದೇ ಸ್ಥಾನದಲ್ಲಿದ್ದ ಬ್ಯಾಟರ್ ಚಿಪ್ಪರ್ ಜೋನ್ಸ್ ಹಾಲ್ ಆಫ್ ಫೇಮ್ ಸೇರಿದರು. ಭಾರತೀಯ ಓದುಗರಿಗೆ ಹತ್ತಿರದ ಹೆಸರೊಂದಿದೆ: ಕುಮಾರ್ ರಾಕರ್. ತಾಯಿಯ ಕಡೆಯಿಂದ ಭಾರತೀಯ ಮೂಲದವರು. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಅವರನ್ನು ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯಲ್ಲಿ) ಹತ್ತನೆಯವರಾಗಿ ಆರಿಸಿ, ವೈದ್ಯಕೀಯ ತಪಾಸಣೆಯ ನಂತರ ಒಪ್ಪಂದ ಮಾಡಿಕೊಳ್ಳದೆ ಕೈಬಿಟ್ಟಿತು. ಮರುವರ್ಷ ಟೆಕ್ಸಸ್ ರೇಂಜರ್ಸ್ ಅದೇ ತೋಳನ್ನು ನಂಬಿ ಮೂರನೆಯವರಾಗಿ ಆರಿಸಿತು. 2023ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ, 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್ ಪ್ರವೇಶ. ಒಂದೇ ತೋಟ, ಇಬ್ಬರು ಚೇಣಿದಾರರು, ಎರಡು ಬೆಲೆ.

ಇದೆಲ್ಲ ಅಭಿಮಾನಿಗಳ ಹರಟೆಯಾಗಿದ್ದ ಕಾಲ ಹೋಯಿತು. ಕ್ಲಬ್ಬುಗಳು ಸಿದ್ಧವಾದ ಹುಡುಗನನ್ನೂ ಕೆಲವು ದಿನ ಬೇಕೆಂದೇ ಕೆಳಹಂತದಲ್ಲಿ ಕೂರಿಸುತ್ತಿದ್ದವು. 172 ದಿನ ಮೇಜರ್ ಲೀಗಿನಲ್ಲಿದ್ದರೆ ಒಂದು ವರ್ಷದ ಸೇವೆ ತುಂಬಿದ ಲೆಕ್ಕ, ಆರು ವರ್ಷ ತುಂಬಿದರೆ ಆಟಗಾರ ಯಾವ ಕ್ಲಬ್ಬಿಗಾದರೂ ಹೋಗಲು ಸ್ವತಂತ್ರ. ಚಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್, 2015ರ ಅಗ್ರ ಪ್ರಾಸ್ಪೆಕ್ಟ್, ಆ ವರ್ಷ 171 ದಿನ ಪಡೆದರು. ಒಂದು ದಿನ ಕಡಿಮೆ, ಅಷ್ಟೇ! ಅವರು ದೂರು ಕೊಟ್ಟು ಸೋತರು. 2022ರ ಕಾರ್ಮಿಕ ಒಪ್ಪಂದ ಇದಕ್ಕೊಂದು ಮದ್ದು ಹುಡುಕಿತು. ಬೇಸ್‌ಬಾಲ್ ಅಮೆರಿಕ, ಇಎಸ್‌ಪಿಎನ್, ಎಂಎಲ್‌ಬಿ ಡಾಟ್ ಕಾಮ್ ಈ ಮೂರರಲ್ಲಿ ಎರಡರ ಮೊದಲ ನೂರರೊಳಗೆ ಇರುವ ಹುಡುಗನನ್ನು ತಡಮಾಡದೆ ಮೇಲೆ ತಂದು ಪೂರ್ಣ ವರ್ಷ ಆಡಿಸಿದರೆ, ಅವನು ದೊಡ್ಡ ಪ್ರಶಸ್ತಿ ಗೆದ್ದಾಗ ಅಥವಾ ಅದರ ಸಮೀಪಕ್ಕೆ ಬಂದಾಗ ಕ್ಲಬ್ಬಿಗೆ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆ ಸಿಗುತ್ತದೆ. ರಾಯಲ್ಸ್‌ನ ಬಾಬಿ ವಿಟ್ ಜೂನಿಯರ್ 2024ರ ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಮತದಾನದಲ್ಲಿ ಎರಡನೆಯವರಾದ ಕಾರಣ 2025ರಲ್ಲಿ ಅವರ ಕ್ಲಬ್ಬಿಗೆ ಇಂತಹ ಆಯ್ಕೆ ದಕ್ಕಿತು. ಪತ್ರಕರ್ತರು ಮಾಡಿದ ಪಟ್ಟಿ ಒಪ್ಪಂದದ ಕಲಮಾಗಿ ಕುಳಿತಿರುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಹಾಗಾದರೆ ಪಟ್ಟಿಯನ್ನು ಎಷ್ಟು ನಂಬಬೇಕು? ಒಂದೊಂದು ಮರದ ಲೆಕ್ಕ ತಪ್ಪಬಹುದು, ತೋಟದ ಒಟ್ಟು ಅಂದಾಜು ಸಾಮಾನ್ಯವಾಗಿ ಅಷ್ಟೊಂದು ತಪ್ಪುವುದಿಲ್ಲ ಎಂಬುದು ನನ್ನ ಎಣಿಕೆ. ಏಳನೆಯವನು ಎಂಟನೆಯವನಿಗಿಂತ ಮೇಲೇಕೆ ಎಂದು ಜಗಳವಾಡುವುದು ವ್ಯರ್ಥ. ಇದಕ್ಕೆ ರಾಯಲ್ಸ್‌ಗಿಂತ ಒಳ್ಳೆಯ ಪಾಠ ಸಿಗದು.

ರಾಯಲ್ಸ್ 1985ರಲ್ಲಿ ಮೇಜರ್ ಲೀಗಿನ ಅಂತಿಮ ಹಣಾಹಣಿಯಾದ ವಿಶ್ವ ಸರಣಿ ಗೆದ್ದ ನಂತರ ಕಾಲು ಶತಮಾನ ಪ್ಲೇಆಫ್‌ನ, ಅಂದರೆ ಋತುವಿನ ಕೊನೆಯ ನಾಕೌಟ್ ಹಂತದ, ಮುಖ ಕಂಡಿರಲಿಲ್ಲ. 2011ರ ಬೇಸ್‌ಬಾಲ್ ಅಮೆರಿಕ ಪಟ್ಟಿಯ ನೂರು ಮಂದಿಯಲ್ಲಿ ಒಂಬತ್ತು ಜನ ರಾಯಲ್ಸ್‌ನವರೇ ಇದ್ದರು. ಅದುವರೆಗೆ ಯಾವ ಕ್ಲಬ್ಬಿಗೂ ಅಷ್ಟು ಸಿಕ್ಕಿರಲಿಲ್ಲ. ಎರಿಕ್ ಹಾಸ್ಮರ್, ಮೈಕ್ ಮುಸ್ಟಾಕಸ್, ವಿಲ್ ಮೈಯರ್ಸ್ ಮೂವರೂ ಮೊದಲ ಹತ್ತರೊಳಗೆ. ನಂತರ ಪಿಚರ್‌ಗಳಾದ ಜಾನ್ ಲ್ಯಾಂಬ್, ಮೈಕ್ ಮಾಂಟ್ಗೊಮೆರಿ, ಡ್ಯಾನಿ ಡಫಿ, ಜೇಕ್ ಒಡೊರಿಜಿ, ಕ್ರಿಸ್ ಡ್ವಯರ್, ನಡುವೆ ಶಾರ್ಟ್‌ಸ್ಟಾಪ್ ಕ್ರಿಶ್ಚಿಯನ್ ಕೊಲೋನ್. ಇವರು ಏನಾದರು ನೋಡಿ. ಹಾಸ್ಮರ್, ಮುಸ್ಟಾಕಸ್ ತಂಡದ ಬೆನ್ನೆಲುಬಾದರು. ಲ್ಯಾಂಬ್‌ನ ಮೊಣಕೈ ಅದೇ ವರ್ಷ ಕೈಕೊಟ್ಟಿತು. ಡ್ವಯರ್ ಮೇಜರ್ ಲೀಗ್‌ಗೆ ಬಂದದ್ದೂ ಹೋದದ್ದೂ ಹೆಚ್ಚಿನವರಿಗೆ ತಿಳಿಯಲಿಲ್ಲ. 2012ರ ಡಿಸೆಂಬರ್‌ನಲ್ಲಿ ಮೈಯರ್ಸ್, ಒಡೊರಿಜಿ, ಮಾಂಟ್ಗೊಮೆರಿಯರನ್ನು ಟ್ಯಾಂಪಾ ಬೇಗೆ ಕೊಟ್ಟು ಜೇಮ್ಸ್ ಶೀಲ್ಡ್ಸ್ ಮತ್ತು ವೇಡ್ ಡೇವಿಸ್ ಎಂಬ ಪಿಚರ್‌ಗಳನ್ನು ತಂದರು. ಇಷ್ಟು ಒಳ್ಳೆಯ ಪ್ರಾಸ್ಪೆಕ್ಟ್‌ಗಳನ್ನು ಮಾರಿಕೊಂಡರಲ್ಲ ಎಂದು ಜನ ಬೈದರು. ಮರುವರ್ಷ ಮೈಯರ್ಸ್ ವರ್ಷದ ರೂಕಿ ಪ್ರಶಸ್ತಿ ಪಡೆದಾಗ ಆ ಬೈಗುಳ ಇನ್ನಷ್ಟು ಏರಿತು. ಪಟ್ಟಿಯಲ್ಲಿರುವವನು ನಾಳಿನ ಆಟಗಾರ ಮಾತ್ರವಲ್ಲ, ಇಂದೇ ಚಲಾವಣೆಯಾಗುವ ನಾಣ್ಯ ಎಂಬುದನ್ನು ರಾಯಲ್ಸ್ ಅರಿತಿತ್ತು. 2015ರ ಜುಲೈನಲ್ಲಿ ಗಾಯದಿಂದ ಚೇತರಿಸಿಕೊಂಡಿದ್ದ ಲ್ಯಾಂಬ್‌ರನ್ನೂ ಇನ್ನಿಬ್ಬರೊಂದಿಗೆ ಸಿನ್ಸಿನಾಟಿಗೆ ಕೊಟ್ಟು ಜಾನಿ ಕ್ವೇಟೊ ಅವರನ್ನು ತಂದರು. ಕ್ವೇಟೊ ಆ ವರ್ಷದ ವಿಶ್ವ ಸರಣಿಯ ಎರಡನೇ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಎಸೆದು ಗೆಲ್ಲಿಸಿದರು.

2015ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಮೆಟ್ಸ್ ವಿರುದ್ಧ ಐದನೇ ಪಂದ್ಯ. ಒಂಬತ್ತನೇ ಇನಿಂಗ್ಸ್‌ನಲ್ಲಿ ಹಾಸ್ಮರ್ ಎದೆಗಾರಿಕೆಯಿಂದ ಓಡಿ ಸ್ಕೋರನ್ನು ಸಮಮಾಡಿದರು. ಹನ್ನೆರಡನೆಯದರಲ್ಲಿ ಕ್ಯಾಚರ್ ಸಾಲ್ವಡಾರ್ ಪೆರೆಜ್ ಹೊಡೆದು ಬೇಸ್ ಸೇರಿದರು. ಅವರ ಬದಲಿಗೆ ಓಡಲು ಬಂದವರು ಜ್ಯಾರಡ್ ಡೈಸನ್, 2006ರ ಡ್ರಾಫ್ಟ್‌ನ 50ನೇ ಸುತ್ತಿನಲ್ಲಿ ಆಯ್ಕೆಯಾದವರು. ಡೈಸನ್ ಎರಡನೇ ಬೇಸ್ ಕದ್ದರು, ಅಂದರೆ ಬ್ಯಾಟರ್ ಚೆಂಡು ಹೊಡೆಯುವ ಮೊದಲೇ ಓಡಿ ಅದನ್ನು ಮುಟ್ಟಿದರು. ಆಗ ಬ್ಯಾಟು ಹಿಡಿದು ಬಂದವರು ಕೊಲೋನ್. 2011ರ ಆ ನೂರರ ಪಟ್ಟಿಯಲ್ಲಿ 51ನೇ ಶ್ರೇಯಾಂಕದವರಾಗಿದ್ದ ಅವರು ದೊಡ್ಡ ಆಟಗಾರರೇನೂ ಆಗಿರಲಿಲ್ಲ, ಆ ವರ್ಷದ ಪ್ಲೇಆಫ್‌ಗಳಲ್ಲಿ ಅದುವರೆಗೆ ಒಮ್ಮೆಯೂ ಬ್ಯಾಟ್ ಮಾಡಿರಲಿಲ್ಲ. ಹೊಡೆದ ಚೆಂಡು ಎಡ ಅಂಗಳಕ್ಕೆ ಹೋಯಿತು, ಡೈಸನ್ ಮನೆ (ಹೋಮ್ ಪ್ಲೇಟ್) ಸೇರಿ ರನ್ ಗಳಿಸಿದರು, ರಾಯಲ್ಸ್ 7-2ರಿಂದ ಗೆದ್ದು ಮೂವತ್ತು ವರ್ಷಗಳ ನಂತರ ವಿಶ್ವ ಸರಣಿಯನ್ನು ತನ್ನದಾಗಿಸಿಕೊಂಡಿತು. ಕೊನೆಯ ಔಟ್ ತೆಗೆದವರು ಮೈಯರ್ಸ್ ಬದಲಿಗೆ ಬಂದಿದ್ದ ಡೇವಿಸ್. ಸರಣಿಯ ಶ್ರೇಷ್ಠ ಆಟಗಾರನ ಪ್ರಶಸ್ತಿ ಪೆರೆಜ್‌ಗೆ ಹೋಯಿತು; 2011ರ ಆ ಒಂಬತ್ತರಲ್ಲಿ ಅವರ ಹೆಸರಿರಲಿಲ್ಲ.

ಮಾಂಟ್ಗೊಮೆರಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟ್ಯಾಂಪಾ ಬೇಯಿಂದ ಸಿಯಾಟಲ್‌ಗೆ, ಅಲ್ಲಿಂದ ಚಿಕಾಗೊ ಕಬ್ಸ್‌ಗೆ ಕೈಬದಲಾದ ಅವರು 2016ರ ವಿಶ್ವ ಸರಣಿಯ ಏಳನೇ ಪಂದ್ಯದ ಹತ್ತನೇ ಇನಿಂಗ್ಸ್‌ನಲ್ಲಿ ಮೈದಾನಕ್ಕಿಳಿದು, ಒಬ್ಬನೇ ಬ್ಯಾಟರ್‌ಗೆ ಚೆಂಡೆಸೆದು, 108 ವರ್ಷಗಳಿಂದ ಕಬ್ಸ್ ಕಾಯುತ್ತಿದ್ದ ಕೊನೆಯ ಔಟನ್ನು ತೆಗೆದರು.